ಸೆಲ್ಫ್ ಹೊಡೆಯುತ್ತದೆ, ಗಾಡಿ ಸ್ಟಾರ್ಟ್ ಆಗುವುದಿಲ್ಲ: ಇಮೊಬಿಲೈಸರ್ ತೊಂದರೆಯನ್ನು ಒಂದೊಂದಾಗಿ ಹುಡುಕುವ ದಾರಿ

ಹೋದ ವರ್ಷ ಜುಲೈಯ ಒಂದು ಬೆಳಿಗ್ಗೆ. ಕಟಪಾಡಿಯಲ್ಲಿ ಮಳೆ ಧೋ ಎಂದು ಸುರಿಯುತ್ತಿತ್ತು. ಒಂಬತ್ತೂವರೆಗೆ ಅಮ್ಮನನ್ನು ಮಣಿಪಾಲಕ್ಕೆ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಬೇಕಿತ್ತು. ಅಮ್ಮ ಆಗಲೇ ಕಾರಿನ ಸೀಟಲ್ಲಿ ಕೂತಾಗಿತ್ತು. ಕೀ ತಿರುಗಿಸಿದೆ, ಇಂಜಿನ್ ಹಿಡಿಯಿತು, ಒಂದು ಸೆಕೆಂಡ್ ಓಡಿ ನಿಂತುಹೋಯಿತು. ಮತ್ತೆ ತಿರುಗಿಸಿದೆ. ಅದೇ ಕಥೆ. ಐದಾರು ಸಲ ಮಾಡಿದ ಮೇಲೆ ಉಡುಪಿಯಲ್ಲಿರುವ ನಮ್ಮ ಪರಿಚಯದ ಮೆಕ್ಯಾನಿಕ್‌ಗೆ ಫೋನ್ ಮಾಡಿದೆ.

"ಮೀಟರಲ್ಲಿ ಕೀಯ ಚಿತ್ರ ಮಿಣುಕ್ತಾ ಉಂಟಾ ನೋಡಿ."

"ಉಂಟು ಅಣ್ಣ."

"ಇತ್ತೀಚೆಗೆ ಕೀಗೆ ಎಂತ ಮಾಡಿದ್ದೀರಿ?"

ಆಗ ನೆನಪಾಯಿತು. ಕೀಯ ಕವರ್ ಒಡೆದಿತ್ತು, ಹಿಂದಿನ ದಿನ ಸಂಜೆ ಒಂದು ಅಂಗಡಿಯಲ್ಲಿ ಹೊಸ ಕವರ್ ಹಾಕಿಸಿ ನೇರ ಮನೆಗೆ ನಡೆದುಕೊಂಡು ಬಂದಿದ್ದೆ. ಹಳೇ ಕವರ್ ಮಗಳ ಆಟದ ಡಬ್ಬಿ ಸೇರಿತ್ತು. ಅದನ್ನು ಹುಡುಕಿ ತಂದು ಕೀ ಹಾಕುವ ಜಾಗಕ್ಕೆ ತಾಗಿಸಿ ಹಿಡಿದು ಹೊಸ ಕವರಿನ ಕೀ ತಿರುಗಿಸಿದೆ. ಗಾಡಿ ಸ್ಟಾರ್ಟ್ ಆಯಿತು, ನಿಲ್ಲಲಿಲ್ಲ. ಸಂಜೆ ಆ ಕವರನ್ನು ಬ್ಲೇಡಿನಿಂದ ಬಿಡಿಸಿ ನೋಡಿದರೆ ಮೂಲೆಯ ಒಂದು ಸಣ್ಣ ಗೂಡಿನಲ್ಲಿ ಕಪ್ಪು ತುಂಡೊಂದು ಕೂತಿತ್ತು. ಹುಣಸೆ ಬೀಜಕ್ಕಿಂತ ಸಣ್ಣದು. ವೈರಿಲ್ಲ, ಸೆಲ್ಲಿಲ್ಲ, ನೋಡಿದರೆ ಪ್ಲಾಸ್ಟಿಕ್ ಚೂರು ಅಂದುಕೊಳ್ಳಬೇಕು. ಅಂಗಡಿಯಲ್ಲಿ ರಿಮೋಟಿನ ಬೋರ್ಡನ್ನು ಮಾತ್ರ ಹೊಸ ಕವರಿಗೆ ಬದಲಾಯಿಸಿ, ಇದನ್ನು ಹಳೇದರಲ್ಲೇ ಬಿಟ್ಟಿದ್ದರು.

ಆವತ್ತಿನಿಂದ ಈ ವಿಷಯವನ್ನು ಸ್ವಲ್ಪ ಗಟ್ಟಿಯಾಗಿ ಕಲಿತೆ. ಸರಿಯಾದ ಕೀ ಇಲ್ಲದೆ ಇಂಜಿನ್ ಓಡದಂತೆ ತಡೆಯುವ, ಕಳ್ಳರಿಂದ ಕಾಯುವ ವ್ಯವಸ್ಥೆಯೇ ಇಮೊಬಿಲೈಸರ್. ಅದು ಕೈಕೊಟ್ಟಿತು ಅಂದಾಗ ಹೆಚ್ಚಿನ ಸಲ ಅದು ಕೆಟ್ಟಿರುವುದಿಲ್ಲ. ಅದಕ್ಕೆ ಕೀ ಕಾಣುತ್ತಿರುವುದಿಲ್ಲ, ಅಷ್ಟೇ. ಹಾಗಾಗಿ ಹುಡುಕುವ ಕೆಲಸ ಕೀಯಿಂದ ಶುರುವಾಗಬೇಕು, ಇಸಿಯುನಿಂದ (ಇಂಜಿನ್ ನಡೆಸುವ ಕಂಪ್ಯೂಟರಿನಿಂದ) ಅಲ್ಲ. ಈ ಕ್ರಮ ತಪ್ಪಿದರೆ ದುಡ್ಡು ನೀರಿನ ಹಾಗೆ ಹೋಗುತ್ತದೆ.

ಇದು ಕೆಲಸ ಮಾಡುವ ರೀತಿ

ಕೀಯ ತಲೆಯೊಳಗಿನ ಆ ಕಪ್ಪು ತುಂಡು ಒಂದು ಚಿಪ್, ಅದಕ್ಕೆ ಟ್ರಾನ್ಸ್‌ಪಾಂಡರ್ ಎನ್ನುತ್ತಾರೆ. ಕೀ ತೂರಿಸುವ ಬೀಗದ ಸುತ್ತ, ಪ್ಲಾಸ್ಟಿಕ್ ಕವರಿನ ಒಳಗೆ, ತಂತಿ ಸುತ್ತಿದ ಒಂದು ಬಳೆ ಇರುತ್ತದೆ. ಅದೇ ಆಂಟೆನಾ. ಇಗ್ನಿಷನ್ ಆನ್ ಮಾಡಿದ ಕೂಡಲೇ ಆ ಬಳೆ ಹೆಚ್ಚಾಗಿ 125 ಕಿಲೋಹರ್ಟ್ಸ್ ಸುತ್ತಮುತ್ತಲಿನ ಅಲೆಯನ್ನು ಬಿಡುತ್ತದೆ. ಚಿಪ್ ಆ ಅಲೆಯಿಂದಲೇ ಕರೆಂಟ್ ಪಡೆದುಕೊಂಡು ತನ್ನ ಗುರುತನ್ನು ವಾಪಸ್ ಹೇಳುತ್ತದೆ. ಗುರುತು ಸರಿ ಇದ್ದರೆ ಇಂಜಿನ್ ಇಸಿಯು ಪೆಟ್ರೋಲ್ ಬಿಡುತ್ತದೆ, ಕಿಡಿ ಕೊಡುತ್ತದೆ. ಇಲ್ಲದಿದ್ದರೆ ಇಲ್ಲ. ಕೆಲವು ಗಾಡಿಗಳಲ್ಲಿ ಸೆಲ್ಫನ್ನೇ ತಡೆಯುತ್ತದೆ.

ಇದರಿಂದ ಒಂದು ಮುಖ್ಯ ವಿಷಯ ಗೊತ್ತಾಗುತ್ತದೆ. ತಿರುಗಿಸುವ ಕೀ ಇರುವ ಗಾಡಿಯಲ್ಲಿ ರಿಮೋಟಿನ ಸೆಲ್ ಪೂರ್ತಿ ಸತ್ತಿದ್ದರೂ ಗಾಡಿ ಸ್ಟಾರ್ಟ್ ಆಗಲೇಬೇಕು. ಬಾಗಿಲು ತೆರೆಯುವ ರಿಮೋಟ್ ಬೇರೆ, ಚಿಪ್ ಬೇರೆ. ಎರಡೂ ಒಂದೇ ಕವರಿನಲ್ಲಿ ಬಾಡಿಗೆಗೆ ಇರುವ ಎರಡು ಸಂಸಾರ ಇದ್ದ ಹಾಗೆ. ರಿಮೋಟಲ್ಲಿ ಬಾಗಿಲು ತೆರೆಯಿತು, ಹಾಗಾದರೆ ಚಿಪ್ ಕೂಡ ಸರಿ ಇದೆ ಅಂತ ತಿಳಿದುಕೊಳ್ಳುವುದೂ ತಪ್ಪು. ನನ್ನ ಕೀಯಲ್ಲಿ ಆದದ್ದು ಅದೇ.

ಮೊದಲು ದೀಪ ನೋಡಿ

ಇಗ್ನಿಷನ್ ಆನ್ ಮಾಡಿ, ಸೆಲ್ಫ್ ಹೊಡೆಯಬೇಡಿ, ಸುಮ್ನೆ ಮೀಟರ್ ನೋಡಿ. ಕೀಯ ಚಿತ್ರ, ಅಥವಾ ಕಾರಿನ ಮೇಲೆ ಬೀಗ ಇರುವ ಚಿತ್ರ ಹುಡುಕಿ. ಅದು ಒಂದೆರಡು ಸೆಕೆಂಡ್ ಹತ್ತಿ ಆರಿದರೆ ಕೀ ಸಿಕ್ಕಿದೆ ಎಂದು ಅರ್ಥ. ಬೇಗ ಬೇಗ ಮಿಣುಕುತ್ತಾ ಇದ್ದರೆ, ಅಥವಾ ಆರದೆ ಹಾಗೇ ಉಳಿದರೆ ಇಮೊಬಿಲೈಸರ್ ಕಡೆ ಅನುಮಾನ ಬಲವಾಗುತ್ತದೆ. ಕಂಪನಿಯಿಂದ ಕಂಪನಿಗೆ ಇದು ಸ್ವಲ್ಪ ಬೇರೆ ಇರುತ್ತದೆ, ಅದಕ್ಕೆ ಡ್ರಾಯರಲ್ಲಿರುವ ಪುಸ್ತಕ ನೋಡುವುದೇ ಸರಿ. ಮಾರುತಿಯವರು ಇದೇ ವ್ಯವಸ್ಥೆಗೆ ಐಕ್ಯಾಟ್ಸ್ ಎನ್ನುತ್ತಾರೆ, ಪುಸ್ತಕದಲ್ಲಿ ಆ ಹೆಸರಲ್ಲೂ ಹುಡುಕಿ.

ಗಾಡಿ ಲಾಕ್ ಮಾಡಿ ನಿಲ್ಲಿಸಿದಾಗ ನಿಧಾನವಾಗಿ ಮಿಣುಕುವ ಕೆಂಪು ದೀಪ ಬೇರೆ. ಅದು ಕಾವಲಿನ ದೀಪ, ತೊಂದರೆಯದ್ದಲ್ಲ. ಇದನ್ನು ನೋಡಿ ಹೆದರಿದವರು ಜಾಸ್ತಿ ಜನ ಇದ್ದಾರೆ.

ಗಾಡಿ ಏನು ಹೇಳುತ್ತಿದೆ, ಕಿವಿಗೊಟ್ಟು ಕೇಳಿ

ಸ್ಟಾರ್ಟ್ ಆಗಿ ಒಂದೆರಡು ಸೆಕೆಂಡಿನಲ್ಲಿ ನಿಲ್ಲುತ್ತದೆ, ಪ್ರತಿ ಸಲವೂ ಹಾಗೇ ಆಗುತ್ತದೆ, ಜೊತೆಗೆ ದೀಪ ಮಿಣುಕುತ್ತದೆ: ಇದು ಇಮೊಬಿಲೈಸರಿನ ಅಚ್ಚೊತ್ತಿದ ಲಕ್ಷಣ. ಸೆಲ್ಫ್ ಚೆನ್ನಾಗಿ ತಿರುಗುತ್ತದೆ, ಇಂಜಿನ್ ಹಿಡಿಯುವುದೇ ಇಲ್ಲ: ಇಮೊಬಿಲೈಸರ್ ಇರಬಹುದು, ಗಾಡಿಯೊಳಗಿನ ಪೆಟ್ರೋಲ್ ಪಂಪ್ ಇರಬಹುದು, ಇಂಜಿನ್ ತಿರುಗುವುದನ್ನು ಇಸಿಯುಗೆ ತಿಳಿಸುವ ಕ್ರ್ಯಾಂಕ್ ಸೆನ್ಸರ್ ಇರಬಹುದು, ದೀಪ ನೋಡಿಯೇ ತೀರ್ಮಾನ ಮಾಡಬೇಕು. ಟಿಕ್ ಟಿಕ್ ಟಿಕ್ ಅಂತ ಶಬ್ದ ಮಾತ್ರ ಬಂದು ಮೀಟರಿನ ದೀಪವೆಲ್ಲ ಮಂಕಾದರೆ ಮೊದಲು ಬ್ಯಾಟರಿ ನೋಡಿ. ಏನೂ ಶಬ್ದವೇ ಇಲ್ಲದಿದ್ದರೆ ಕ್ಲಚ್ ಪೂರ್ತಿ ಒತ್ತಿದ್ದೀರಾ, ಆಟೋಮ್ಯಾಟಿಕ್ ಗಾಡಿಯಾದರೆ ಗೇರ್ ಪಾರ್ಕಲ್ಲಿ ಉಂಟಾ, ಅದನ್ನು ನೋಡಿ.

ಕೀ ತಿರುಗುವುದೇ ಇಲ್ಲ ಅಂದರೆ ಅದಕ್ಕೂ ಇಮೊಬಿಲೈಸರಿಗೂ ಸಂಬಂಧವೇ ಇಲ್ಲ. ಅದು ಸ್ಟೀರಿಂಗ್ ಲಾಕ್. ಸ್ಟೀರಿಂಗನ್ನು ಎಡಕ್ಕೂ ಬಲಕ್ಕೂ ಸ್ವಲ್ಪ ಅಲ್ಲಾಡಿಸುತ್ತಾ ಕೀ ತಿರುಗಿಸಿ, ಬಿಟ್ಟುಕೊಳ್ಳುತ್ತದೆ. ಒತ್ತಾಯ ಮಾಡಿದರೆ ಕೀ ಒಳಗೇ ಮುರಿಯುತ್ತದೆ.

ಬ್ಯಾಟರಿ

ಬ್ಯಾಟರಿ ಇಳಿದಿದ್ದರೆ ಸೆಲ್ಫ್ ತಿರುಗುವಾಗ ವೋಲ್ಟೇಜ್ ಕುಸಿದು, ಆ ಕ್ಷಣಕ್ಕೆ ಇಮೊಬಿಲೈಸರ್ ಕೀಯನ್ನು ಓದಲಾರದೆ ದೀಪ ಮಿಣುಕಿಸುತ್ತದೆ. ನೋಡುವವರು ಇಮೊಬಿಲೈಸರ್ ಹೋಯಿತು ಅನ್ನುತ್ತಾರೆ. ಹಾಗಾಗಿ ಬ್ಯಾಟರಿಯನ್ನು ಬಿಟ್ಟು ಮುಂದೆ ಹೋಗಲೇಬೇಡಿ.

ಇನ್ನೂರು ಮುನ್ನೂರು ರೂಪಾಯಿಯ ಮಲ್ಟಿಮೀಟರ್ ಸಾಕು. ಗಾಡಿ ರಾತ್ರಿಯಿಡೀ ನಿಂತ ಮೇಲೆ ಬ್ಯಾಟರಿಯ ಎರಡು ಟರ್ಮಿನಲ್‌ಗೆ ಇಟ್ಟು ನೋಡಿ. 12.6 ವೋಲ್ಟ್ ಇದ್ದರೆ ತುಂಬಿದೆ. 12.2 ಅಂದರೆ ಹೆಚ್ಚುಕಮ್ಮಿ ಅರ್ಧ. 12ಕ್ಕಿಂತ ಕೆಳಗೆ ಇಳಿದಿದ್ದರೆ ಚಾರ್ಜ್ ಆಗುವ ತನಕ ಬೇರೆ ಯಾವ ಪರೀಕ್ಷೆಗೂ ಅರ್ಥ ಇಲ್ಲ. ಆಮೇಲೆ ಒಬ್ಬರು ಸೆಲ್ಫ್ ಹೊಡೆಯಲಿ, ಇನ್ನೊಬ್ಬರು ಮಲ್ಟಿಮೀಟರ್ ನೋಡಲಿ. ಆಗ ಸುಮಾರು 9.6 ವೋಲ್ಟಿಗಿಂತ ಕೆಳಗೆ ಹೋಗಬಾರದು.

ನಮ್ಮ ಕರಾವಳಿಯಲ್ಲಿ ಇನ್ನೊಂದು ವಿಷಯ ಉಂಟು. ಮಲ್ಪೆ, ಪಣಂಬೂರು, ಸುರತ್ಕಲ್ ಕಡೆ ಕಡಲಿಗೆ ಹತ್ತಿರ ಗಾಡಿ ನಿಲ್ಲಿಸುವವರ ಬ್ಯಾಟರಿ ಟರ್ಮಿನಲ್ ನೋಡಿ, ಬಿಳಿ ಹಸಿರು ಕಿಲುಬು ಕಟ್ಟಿರುತ್ತದೆ. ಬ್ಯಾಟರಿ ಹೊಸದೇ ಇದ್ದರೂ ಕರೆಂಟ್ ದಾಟುವುದಿಲ್ಲ. ಮೊದಲು ಮೈನಸ್ ಬಿಚ್ಚಿ, ಆಮೇಲೆ ಪ್ಲಸ್. ಬಿಸಿನೀರಿಗೆ ಸ್ವಲ್ಪ ಅಡುಗೆ ಸೋಡ ಹಾಕಿ ಹಳೇ ಟೂತ್‌ಬ್ರಶ್ಶಿನಲ್ಲಿ ಉಜ್ಜಿ, ಒರೆಸಿ ಒಣಗಿಸಿ, ಮೊದಲು ಪ್ಲಸ್, ಕೊನೆಗೆ ಮೈನಸ್ ಬಿಗಿ ಮಾಡಿ. ಮೇಲಿಂದ ತೆಳುವಾಗಿ ವ್ಯಾಸಲಿನ್ ಹಚ್ಚಿದರೆ ಮಳೆಗಾಲ ಕಳೆಯುತ್ತದೆ. ಇಂಜಿನ್‌ನಿಂದ ಗಾಡಿಯ ಲೋಹದ ಮೈಗೆ ಹೋಗುವ ಅರ್ತ್ ವೈರನ್ನೂ ಹೀಗೇ ನೋಡಿ.

ಪಕ್ಕದ ಮನೆಯ ಗಾಡಿಯಿಂದ ಜಂಪರ್ ಕೇಬಲ್ ಹಾಕುವುದಾದರೆ ಕ್ರಮ ಇದು: ಕೆಂಪು ಕೇಬಲ್ ಸತ್ತ ಬ್ಯಾಟರಿಯ ಪ್ಲಸ್ಸಿಗೆ, ಅದರ ಇನ್ನೊಂದು ತುದಿ ಒಳ್ಳೆ ಬ್ಯಾಟರಿಯ ಪ್ಲಸ್ಸಿಗೆ, ಕಪ್ಪು ಒಳ್ಳೆ ಬ್ಯಾಟರಿಯ ಮೈನಸ್ಸಿಗೆ, ಕೊನೆಯ ತುದಿ ನಿಂತ ಗಾಡಿಯಲ್ಲಿ ಬ್ಯಾಟರಿಯಿಂದ ದೂರ ಇರುವ, ಬಣ್ಣ ಇಲ್ಲದ ಲೋಹಕ್ಕೆ. ತೆಗೆಯುವಾಗ ಇದೇ ಕ್ರಮದ ಉಲ್ಟಾ, ಕೊನೆಗೆ ಹಾಕಿದ್ದನ್ನು ಮೊದಲು.

ಈಗ ಕೀ

ಮೊದಲನೆಯದಾಗಿ ಗೊಂಚಲಿನಿಂದ ಕಾರಿನ ಕೀಯನ್ನು ಬಿಡಿಸಿ. ಬೇರೆ ಎಲ್ಲವನ್ನೂ ತೆಗೆಯಿರಿ. ಎರಡು ಕಾರಿನ ಕೀ ಒಂದೇ ರಿಂಗಲ್ಲಿದ್ದರೆ ಎರಡೂ ಚಿಪ್ ಒಟ್ಟಿಗೆ ಮಾತಾಡಿ ಬಳೆಗೆ ಯಾವುದೂ ಸರಿಯಾಗಿ ಕೇಳಿಸುವುದಿಲ್ಲ. ಸ್ಕೂಟರಿನ ಚಿಪ್ ಇರುವ ಕೀ, ಆಫೀಸಿನ ಬಾಗಿಲಿನ ಟ್ಯಾಗ್, ದಪ್ಪ ಲೋಹದ ಕೀಚೈನ್ ಎಲ್ಲವೂ ಅಡ್ಡಿ ಮಾಡುತ್ತವೆ. ಬೀಗದ ಪಕ್ಕದಲ್ಲೇ ಮೊಬೈಲ್ ಚಾರ್ಜರ್ ಇದ್ದರೆ ಅದನ್ನೂ ಕೀಳಿರಿ.

ಹೀಗೆ ಒಂಟಿ ಕೀಯನ್ನು ಹಾಕಿ ಇಗ್ನಿಷನ್ ಆನ್ ಮಾಡಿ, ಐದು ಸೆಕೆಂಡ್ ಕಾಯಿರಿ, ದೀಪ ಆರಿದರೆ ಸ್ಟಾರ್ಟ್ ಮಾಡಿ. ಆರದಿದ್ದರೆ ಆಫ್ ಮಾಡಿ ಕೀ ಹೊರಗೆ ತೆಗೆದು ಅರ್ಧ ನಿಮಿಷ ಬಿಟ್ಟು ಮತ್ತೊಮ್ಮೆ. ಎರಡು ಮೂರು ಸಲ ಸಾಕು. ಸುಮ್ನೆ ಇಪ್ಪತ್ತು ಸಲ ತಿರುಗಿಸಬೇಡಿ, ಕೆಲವು ಗಾಡಿಗಳು ತಪ್ಪು ಕೀ ಅಂತ ತಿಳಿದು ಸ್ವಲ್ಪ ಹೊತ್ತು ಪೂರ್ತಿ ಮುಚ್ಚಿಕೊಳ್ಳುತ್ತವೆ. ಅದರ ಮೇಲೆ ಬ್ಯಾಟರಿಯೂ ಇಳಿಯುತ್ತದೆ.

ಇನ್ನು ಎರಡನೇ ಕೀ. ಈ ಇಡೀ ಕೆಲಸದಲ್ಲಿ ಇದಕ್ಕಿಂತ ದೊಡ್ಡ ಪರೀಕ್ಷೆ ಇಲ್ಲ, ಒಂದು ರೂಪಾಯಿ ಖರ್ಚೂ ಇಲ್ಲ. ಎರಡನೇ ಕೀಯಲ್ಲಿ ಗಾಡಿ ಸ್ಟಾರ್ಟ್ ಆದರೆ ಕಾರಿನ ಆಂಟೆನಾ, ವೈರಿಂಗ್, ಇಸಿಯು ಎಲ್ಲವೂ ಸರಿ ಇವೆ, ಮೊದಲನೇ ಕೀಯ ಚಿಪ್ ಮಾತ್ರ ಹೋಗಿದೆ ಅಥವಾ ಬಿದ್ದಿದೆ. ಎರಡೂ ಕೀಗೆ ದೀಪ ಮಿಣುಕಿದರೆ ಮಾತ್ರ ಗಾಡಿಯೊಳಗೆ ಹುಡುಕಬೇಕು. ಎರಡೇ ನಿಮಿಷದಲ್ಲಿ ಅರ್ಧ ದಾರಿ ಮುಗಿಯಿತು ಅಲ್ವಾ? ಎರಡನೇ ಕೀ ಊರಲ್ಲಿ ಅಣ್ಣನ ಮನೆಯಲ್ಲಿ ಉಂಟು ಅಂದರೂ ಬಸ್ಸಿನಲ್ಲಿ ತರಿಸಿಕೊಂಡು ನೋಡಿದ ಮೇಲೆಯೇ ದೊಡ್ಡ ರಿಪೇರಿಗೆ ಒಪ್ಪಿ.

ಬರೀ ಹಲ್ಲು ಕತ್ತರಿಸಿ ಮಾಡಿಸಿದ ಡುಪ್ಲಿಕೇಟ್ ಕೀ ಈ ಪರೀಕ್ಷೆಗೆ ಆಗುವುದಿಲ್ಲ. ಅದು ಬಾಗಿಲು ತೆರೆಯುತ್ತದೆ, ಬೀಗದಲ್ಲಿ ತಿರುಗುತ್ತದೆ, ಇಂಜಿನ್ ಮಾತ್ರ ಓಡುವುದಿಲ್ಲ, ಯಾಕೆಂದರೆ ಅದರಲ್ಲಿ ಚಿಪ್ಪೇ ಇಲ್ಲ.

ಕೀ ನೀರಿಗೆ ಬಿದ್ದಿದ್ದರೆ? ಮಲ್ಪೆ ಬೀಚಿನಲ್ಲಿ ಚಡ್ಡಿ ಜೇಬಿನಲ್ಲಿ ಕೀ ಇಟ್ಟುಕೊಂಡೇ ಅಲೆಗೆ ಇಳಿಯುವುದು ಎಷ್ಟು ಸಲ ಆಗುವುದಿಲ್ಲ! ಉಪ್ಪುನೀರು ರಿಮೋಟಿನ ಬೋರ್ಡನ್ನು ಬೇಗ ತಿನ್ನುತ್ತದೆ. ಕೂಡಲೇ ಸೆಲ್ ತೆಗೆದು, ಒಳಗಿನ ಬೋರ್ಡನ್ನು ಸಿಹಿನೀರಿನಲ್ಲಿ ತೊಳೆದು, ನೆರಳಲ್ಲಿ ಎರಡು ದಿನ ಒಣಗಿಸಿ. ತಿರುಗಿಸುವ ಕೀಯ ಚಿಪ್ ಸಾಧಾರಣವಾಗಿ ಗಾಜು ಅಥವಾ ರಾಳದೊಳಗೆ ಮುಚ್ಚಿರುತ್ತದೆ, ಅದು ಉಳಿಯುತ್ತದೆ. ಆದರೆ ಕೆಲವು ಕೀಗಳಲ್ಲಿ ಚಿಪ್ ಬೋರ್ಡಿನ ಮೇಲೇ ಬೆಸುಗೆಯಾಗಿರುತ್ತದೆ, ಅಂಥದ್ದಕ್ಕೆ ಗ್ಯಾರಂಟಿ ಇಲ್ಲ.

ಕವರ್ ಬದಲಾಯಿಸುವಾಗ ಅಂಗಡಿಯವರ ಎದುರೇ ನಿಂತು ನೋಡಿ. ಬೋರ್ಡ್ ಹೋಯಿತಾ, ಚಿಪ್ ಹೋಯಿತಾ ಕೇಳಿ. ಗಾಡಿ ಅಲ್ಲೇ ಸ್ಟಾರ್ಟ್ ಮಾಡಿ, ಹತ್ತು ಸೆಕೆಂಡ್ ಓಡಿಸಿ, ಆಮೇಲೆ ದುಡ್ಡು ಕೊಡಿ. ಹಳೇ ಕವರ್ ಎಸೆಯಬೇಡಿ.

ಪುಶ್ ಬಟನ್ ಗಾಡಿಗಳಲ್ಲಿ

ಇಲ್ಲಿ ಕಥೆ ಸ್ವಲ್ಪ ಬೇರೆ. ಗಾಡಿ ಕೀಯನ್ನು ಕರೆಯುತ್ತದೆ, ಕೀ ತನ್ನ ಸೆಲ್ಲಿನ ಬಲದಿಂದ ಓಗೊಡುತ್ತದೆ. ಸೆಲ್ ಸತ್ತರೆ "ಕೀ ಇಲ್ಲ" ಅಂತ ಮೀಟರಲ್ಲಿ ಬರುತ್ತದೆ. ಆದರೆ ಅದರೊಳಗೂ ಸೆಲ್ ಬೇಡದ ಒಂದು ಚಿಪ್ ಇಟ್ಟಿರುತ್ತಾರೆ, ಇಂಥ ಹೊತ್ತಿಗೆಂದೇ. ಬಾಗಿಲನ್ನು ಕೀಯೊಳಗೆ ಅಡಗಿರುವ ಲೋಹದ ಕೀಯಿಂದ ತೆರೆಯಿರಿ. ಬ್ರೇಕ್ ಒತ್ತಿ (ಮ್ಯಾನ್ಯುಯಲ್ ಆದರೆ ಕ್ಲಚ್), ಕೀಯನ್ನು ಸ್ಟಾರ್ಟ್ ಬಟನ್ನಿಗೆ ತಾಗಿಸಿ. ಹುಂಡೈನಲ್ಲಿ ಬಟನ್ನನ್ನು ಆ ಕೀಯಿಂದಲೇ ಒತ್ತಬೇಕು. ಟೊಯೋಟ, ಹೋಂಡಾದಲ್ಲಿ ಕೀಯ ಮೇಲೆ ಕಂಪನಿಯ ಗುರುತು ಇರುವ ಬದಿಯನ್ನು ತಾಗಿಸಿ, ಆಮೇಲೆ ಬೆರಳಿನಿಂದ ಒತ್ತಬೇಕು. ಬೇರೆ ಕೆಲವು ಗಾಡಿಗಳಲ್ಲಿ ಇದಕ್ಕೆಂದೇ ಒಂದು ಗೂಡು ಇರುತ್ತದೆ. ನಿಮ್ಮ ಗಾಡಿಯಲ್ಲಿ ಎಲ್ಲಿ ಅಂತ ಇವತ್ತೇ ಪುಸ್ತಕ ತೆರೆದು ನೋಡಿ, ಶಿರಾಡಿ ಘಾಟಿಯ ಮಧ್ಯ ರಾತ್ರಿ ಹನ್ನೊಂದಕ್ಕೆ ಹುಡುಕುವಂತೆ ಆಗಬಾರದು.

ಸೆಲ್ 3 ವೋಲ್ಟಿನದ್ದು. ಸಿಆರ್2032 ಜಾಸ್ತಿ ಬಳಕೆಯಲ್ಲಿದೆ, ಆದರೆ 2025, 1620 ಕೂಡ ಇವೆ, ಹಳೇದರ ಮೇಲೆ ಬರೆದದ್ದನ್ನು ನೋಡಿಯೇ ತನ್ನಿ. ರಿಮೋಟ್ ಕೆಲಸ ಮಾಡುವ ದೂರ ಕಡಿಮೆ ಆಗುತ್ತಾ ಬಂದರೆ ಸೆಲ್ ಮುಗಿಯುತ್ತಿದೆ ಅಂತ ಲೆಕ್ಕ. ಕೀಯನ್ನು ಮೊಬೈಲಿಗೆ ಅಂಟಿಸಿ ಒಂದೇ ಜೇಬಿನಲ್ಲಿ ಇಡುವುದು, ವೈರ್‌ಲೆಸ್ ಚಾರ್ಜರಿನ ಮೇಲೆ ಇಡುವುದು ಬೇಡ.

ಎರಡು ಕೀಗೂ ಆಗದಿದ್ದರೆ

ಆಗ ಗಾಡಿಯೊಳಗೆ ಹುಡುಕಬೇಕು. ಮೊದಲು ಫ್ಯೂಸ್. ಫ್ಯೂಸ್ ಬಾಕ್ಸಿನ ಮುಚ್ಚಳದ ಮೇಲಿನ ಪಟ್ಟಿ ನೋಡಿ, ಇಸಿಯು, ಇಮೊಬಿಲೈಸರ್, ಮೀಟರ್, ಇಗ್ನಿಷನ್ ಅಂತ ಇರುವುದನ್ನು ಒಂದೊಂದಾಗಿ ತೆಗೆದು ನೋಡಿ. ಸುಟ್ಟಿದ್ದರೆ ಅಷ್ಟೇ ಆಂಪಿಯರಿನದ್ದು ಹಾಕಿ, ಜಾಸ್ತಿಯದ್ದು ಹಾಕಬೇಡಿ.

ಆಮೇಲೆ ಆಂಟೆನಾ ಬಳೆ. ಸ್ಟೀರಿಂಗಿನ ಕೆಳಗಿನ ಪ್ಲಾಸ್ಟಿಕ್ ಕವರಿಗೆ ಎರಡು ಮೂರು ಸ್ಕ್ರೂ ಇರುತ್ತವೆ. ಬ್ಯಾಟರಿಯ ಮೈನಸ್ ಬಿಚ್ಚಿಟ್ಟು ಕೆಲವು ನಿಮಿಷ ಕಾದು ಕವರ್ ತೆಗೆಯಿರಿ, ಹಳದಿ ಬಣ್ಣದ ಕನೆಕ್ಟರ್ ಮಾತ್ರ ಮುಟ್ಟಬೇಡಿ, ಅದು ಏರ್‌ಬ್ಯಾಗಿನದ್ದು. ಬಳೆಯ ಕನೆಕ್ಟರ್ ಸಡಿಲ ಆಗಿದೆಯಾ, ಪಿನ್ನಿನಲ್ಲಿ ಹಸಿರು ಕಿಲುಬು ಉಂಟಾ ನೋಡಿ, ಕಿತ್ತು ಮತ್ತೆ ಗಟ್ಟಿಯಾಗಿ ಕೂರಿಸಿ. ನಮ್ಮ ಕಡೆಯ ತೇವಕ್ಕೆ ಇಷ್ಟರಲ್ಲೇ ಸರಿಯಾದ ಗಾಡಿಗಳಿವೆ. ಈ ಕೆಲಸಕ್ಕೆ ಧೈರ್ಯ ಬಾರದಿದ್ದರೆ ಆಟೋ ಎಲೆಕ್ಟ್ರಿಷಿಯನ್ ಹತ್ತಿರ ಹೋಗಿ, ಇಂಜಿನ್ ಮೆಕ್ಯಾನಿಕ್ ಹತ್ತಿರ ಅಲ್ಲ.

ಮಳೆಗಾಲದಲ್ಲಿ ಇನ್ನೆರಡು ನೋಡಬೇಕು. ಒಂದು ನೀರು. ಮಂಗಳೂರಿನ ಕೊಟ್ಟಾರ ಚೌಕಿಯಲ್ಲೋ ಪಡೀಲಿನಲ್ಲೋ ನಿಂತ ನೀರಿನಲ್ಲಿ ಗಾಡಿ ದಾಟಿಸಿದ್ದರೆ ಕಾಲಡಿಯ ಮ್ಯಾಟ್ ಎತ್ತಿ ಕೈ ಒತ್ತಿ ನೋಡಿ. ಒದ್ದೆ ಇದ್ದರೆ ಡ್ಯಾಶ್‌ಬೋರ್ಡಿನ ಕೆಳಗಿನ ಕನೆಕ್ಟರಿಗೂ ನೀರು ಹೋಗಿರಬಹುದು. ಇಂಜಿನ್ ತುಂಬಾ ನೀರಿನಲ್ಲಿ ನಿಂತಿದ್ದರೆ ಸೆಲ್ಫ್ ಹೊಡೆಯಲೇಬೇಡಿ. ಇನ್ನೊಂದು ಇಲಿ. ಹೊರಗೆ ಮಳೆ, ಬಾನೆಟ್ ಒಳಗೆ ಬೆಚ್ಚಗೆ, ಅವು ಅಲ್ಲೇ ಸಂಸಾರ ಹೂಡುತ್ತವೆ. ತೆಂಗಿನ ನಾರು, ಹಿಕ್ಕೆ, ಕಚ್ಚಿದ ವೈರು ಕಂಡರೆ ಅಲ್ಲಿಂದಲೇ ಶುರು ಮಾಡಿ.

ಹೊರಗಿನಿಂದ ಹಾಕಿಸಿದ ಅಲಾರಂ, ಜಿಪಿಎಸ್ ಟ್ರ್ಯಾಕರ್, ಗುಟ್ಟಿನ ಸ್ವಿಚ್ ಇದ್ದರೆ ಅದನ್ನು ರಿಪೇರಿಯವರಿಗೆ ಮೊದಲು ಹೇಳಿಬಿಡಿ. ಸೆಕೆಂಡ್ ಹ್ಯಾಂಡ್ ಗಾಡಿಯಾದರೆ ಹಳೇ ಮಾಲೀಕರಿಗೆ ಫೋನ್ ಮಾಡಿ ಕೇಳಿ. ಇಂಥವು ಇಗ್ನಿಷನ್ ವೈರನ್ನೋ ಪಂಪಿನ ವೈರನ್ನೋ ಕತ್ತರಿಸಿ ನಡುವೆ ರಿಲೇ (ಕರೆಂಟಿನಿಂದ ನಡೆಯುವ ಸ್ವಿಚ್) ಹಾಕಿರುತ್ತವೆ, ಟೇಪ್ ಸುತ್ತಿದ ಆ ಜೋಡಣೆ ನಾಲ್ಕು ಮಳೆಗಾಲ ಕಂಡ ಮೇಲೆ ಕೈಕೊಡುತ್ತದೆ. ಆಗ ಕಂಪನಿಯ ಕೀ ದೀಪ ಸರಿಯಾಗಿ ಆರುತ್ತದೆ, ಗಾಡಿ ಮಾತ್ರ ಸ್ಟಾರ್ಟ್ ಆಗುವುದಿಲ್ಲ.

ಸ್ಕ್ಯಾನರ್ ಹಾಕಿದಾಗ

ಓಬಿಡಿ ಪೋರ್ಟಿಗೆ (ಗಾಡಿಯ ತೊಂದರೆಯ ಕೋಡ್ ಓದಲು ಇರುವ ಕನೆಕ್ಟರಿಗೆ) ಹಾಕುವ ಅಗ್ಗದ ಬ್ಲೂಟೂತ್ ಸ್ಕ್ಯಾನರ್ ಇಂಜಿನ್ ಕೋಡ್ ಓದುತ್ತದೆ, ಆದರೆ ಇಮೊಬಿಲೈಸರಿನ ಒಳಗೆ ಹೆಚ್ಚಾಗಿ ಹೋಗುವುದಿಲ್ಲ. ಆದರೂ ಒಮ್ಮೆ ನೋಡಿ. ಪಿ0513 ಅಂದರೆ ತಪ್ಪು ಕೀ. ಪಿ0633 ಅಂದರೆ ಇಸಿಯುಗೆ ಕೀಯನ್ನು ಕಲಿಸಿಲ್ಲ. ಯು0167 ಬಂದರೆ ಇಮೊಬಿಲೈಸರ್ ಜೊತೆ ಮಾತು ನಿಂತಿದೆ, ಅಂದರೆ ವೈರಿಂಗ್, ಫ್ಯೂಸ್ ಅಥವಾ ಆ ಘಟಕ. ಪಿ0335 ಬಂದರೆ ಕ್ರ್ಯಾಂಕ್ ಸೆನ್ಸರ್, ಇಮೊಬಿಲೈಸರ್ ಪಾಪ ನಿರಪರಾಧಿ. ಕೋಡ್ ಅಳಿಸುವ ಮೊದಲು ಫೋಟೋ ತೆಗೆದಿಟ್ಟುಕೊಳ್ಳಿ.

"ಇಸಿಯು ಹೋಗಿದೆ, ಬದಲಾಯಿಸಬೇಕು" ಅಂತ ಯಾರಾದರೂ ಹೇಳಿದರೆ ಮೂರು ಪ್ರಶ್ನೆ ಕೇಳಿ: ಎರಡನೇ ಕೀಯಲ್ಲಿ ನೋಡಿದ್ದೀರಾ, ಸೆಲ್ಫ್ ಹೊಡೆಯುವಾಗ ಬ್ಯಾಟರಿ ಎಷ್ಟು ವೋಲ್ಟ್ ಇತ್ತು, ಯಾವ ಕೋಡ್ ಬಂತು. ಉತ್ತರ ಸಿಗದಿದ್ದರೆ ಗಾಡಿ ಅಲ್ಲಿ ಬಿಡಬೇಡಿ. ಗುಜರಿಯಿಂದ ತಂದ ಇಸಿಯು ಹಾಕಿದರೆ ಕೆಲಸ ಆಗುವುದೂ ಇಲ್ಲ, ಅದಕ್ಕೆ ತನ್ನ ಹಳೇ ಗಾಡಿಯ ಕೀ ಮಾತ್ರ ಗೊತ್ತು.

ಬ್ಯಾಟರಿ ಬಿಚ್ಚಿಟ್ಟರೆ ಇಮೊಬಿಲೈಸರ್ ರೀಸೆಟ್ ಆಗುತ್ತದೆ ಎನ್ನುವ ಮಾತು ಊರೆಲ್ಲ ಉಂಟು. ಕೀಯ ಗುರುತು ಕರೆಂಟ್ ಇಲ್ಲದಿದ್ದರೂ ಉಳಿಯುವ ಮೆಮೊರಿಯಲ್ಲಿರುತ್ತದೆ, ಹಾಗಾಗಿ ಅಳಿಯುವುದಿಲ್ಲ. ಬ್ಯಾಟರಿ ಬಿಚ್ಚಿ ಹಾಕಿದ ಮೇಲೆ ಸರಿ ಆಯಿತು ಅಂದರೆ ಸಡಿಲ ಟರ್ಮಿನಲ್ ಬಿಗಿ ಆಗಿದ್ದಿರಬೇಕು. ತಳ್ಳಿ ಸ್ಟಾರ್ಟ್ ಮಾಡುವುದೂ ವ್ಯರ್ಥ. ಇಸಿಯು ಪೆಟ್ರೋಲೇ ಬಿಡದಿದ್ದಾಗ ಕಲ್ಯಾಣಪುರ ಸೇತುವೆ ತನಕ ತಳ್ಳಿದರೂ ಇಂಜಿನ್ ಹಿಡಿಯುವುದಿಲ್ಲ. ವೈರ್ ಕತ್ತರಿಸಿ ಇಮೊಬಿಲೈಸರನ್ನೇ ತೆಗೆದುಬಿಡುತ್ತೇನೆ ಎನ್ನುವವರಿಗೆ ಬೇಡ ಅನ್ನಿ, ಆಮೇಲೆ ಗಾಡಿ ಕಳುವಾದರೆ ಇನ್ಶೂರೆನ್ಸಿನವರಿಗೆ ನೀವು ಉತ್ತರ ಕೊಡಬೇಕಾಗುತ್ತದೆ.

ಹೆದ್ದಾರಿ 66ರಲ್ಲಿ ನಿಂತುಬಿಟ್ಟರೆ ಹಜಾರ್ಡ್ ದೀಪ ಹಾಕಿ, ತ್ರಿಕೋನ ಹಿಂದೆ ದೂರ ಇಟ್ಟು, ಎಲ್ಲರೂ ಗಾಡಿಯಿಂದ ಇಳಿದು ಬದಿಗೆ ನಿಂತು, 1033ಕ್ಕೆ ಫೋನ್ ಮಾಡಿ. ಅದು ಹೆದ್ದಾರಿ ಪ್ರಾಧಿಕಾರದ ಸಹಾಯವಾಣಿ. ಆಟೋಮ್ಯಾಟಿಕ್ ಗಾಡಿಯಾದರೆ ಹಗ್ಗ ಕಟ್ಟಿ ಎಳೆಸಬೇಡಿ, ಗಾಡಿಯನ್ನು ಮೇಲೆ ಹೊತ್ತು ಸಾಗಿಸುವ ಫ್ಲಾಟ್‌ಬೆಡ್ ಕೇಳಿ.

ಹೊಸ ಚಿಪ್ ಕೀ ಮಾಡಿಸುವುದಾದರೆ ಆರ್‌ಸಿ, ಗುರುತಿನ ಚೀಟಿ, ಇರುವ ಕೀ, ಗಾಡಿ ಎಲ್ಲವೂ ಬೇಕು. ಹೊಸ ಗಾಡಿಯ ಜೊತೆ ಬಂದ ಕೀ ನಂಬರಿನ ತಗಡು, ಕೋಡ್ ಬರೆದ ಕಾರ್ಡ್ ಇದ್ದರೆ ಮನೆಯಲ್ಲಿ ಇಡಿ, ಗಾಡಿಯೊಳಗೆ ಅಲ್ಲ. ಒಂದು ಕೀ ಇರುವಾಗಲೇ ಇನ್ನೊಂದನ್ನು ಮಾಡಿಸಿದರೆ ಕೆಲಸ ಸುಲಭ, ಖರ್ಚೂ ಕಡಿಮೆ. ಎರಡೂ ಕಳೆದ ಮೇಲೆ ಹೋದರೆ ಕೆಲವು ಗಾಡಿಗಳಲ್ಲಿ ಬೀಗದ ಸೆಟ್ಟನ್ನೇ ಬದಲಾಯಿಸಬೇಕಾಗುತ್ತದೆ.

ನಮ್ಮ ಮನೆಯಲ್ಲಿ ಈಗ ಎರಡನೇ ಕೀ ದೇವರ ಕೋಣೆಯ ಮೊಳೆಯಲ್ಲಿ ತೂಗುತ್ತದೆ. ಪ್ರತಿ ಸಂಕ್ರಮಣದ ದಿನ ಅಮ್ಮ ನೆನಪಿಸುತ್ತಾರೆ, ಅವತ್ತು ಗಾಡಿ ಆ ಕೀಯಿಂದಲೇ ಸ್ಟಾರ್ಟ್ ಆಗುತ್ತದೆ.